ಅಕ್ಕ ಹಾಕಿದ ತಪ್ಪುಕಾಣಿಕೆ

ನಾನು ಹತ್ತನೇ ಕ್ಲಾಸು ಪಾಸಾದವನು. ನಮ್ಮ ಮನೆಯಲ್ಲಿ ಅಷ್ಟು ಓದಿದವನು ನಾನೊಬ್ಬನೇ. ಓದಿಸಿದವಳು ಅಕ್ಕ. ಅವಳಿಗೆ ನಾನು ಮಾಡಿದ್ದನ್ನು ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳಿಲ್ಲ. ಈಗ ಬರೆಯುತ್ತಿದ್ದೇನೆ.

ಸಾತನೂರಿನ ಕಡೆ ರಾಗಿ ಹೊಲಗಳೆಲ್ಲ ಒಂದೊಂದಾಗಿ ಹಿಪ್ಪುನೇರಳೆ ತೋಟಗಳಾಗುತ್ತಿದ್ದ ಕಾಲ ಅದು. ಇದ್ದ ಒಂದು ಕೋಣೆಯನ್ನು ರೇಷ್ಮೆ ಹುಳುವಿಗೆ ಬಿಟ್ಟುಕೊಟ್ಟು ಜನ ಜಗಲಿಯಲ್ಲಿ ಮಲಗುತ್ತಿದ್ದರು. ಅಕ್ಕನನ್ನು ಮಾಗಡಿ ಕಡೆಗೆ ಕೊಟ್ಟಿದ್ದರು. ಮೂರನೇ ವರ್ಷಕ್ಕೆ ಗಂಡ ತೀರಿಕೊಂಡು ವಾಪಸ್ಸು ಬಂದಳು. ಬಂದವಳು ಚಾಕಿ ಹುಳು ಸಾಕುವುದನ್ನು ಕಲಿತಳು. ಮೊಟ್ಟೆಯೊಡೆದು ಬಂದ ಹುಳು ಇರುವೆಗಿಂತ ಸಣ್ಣದಿರುತ್ತದೆ. ಅದಕ್ಕೆ ಎಳೆ ಸೊಪ್ಪನ್ನು ನುಣ್ಣಗೆ ಕೊಚ್ಚಿ ಹಾಕಿ, ಎರಡು ಸಲ ಪೊರೆ ಬಿಡುವವರೆಗೆ ಸಾಕಿ, ಆಮೇಲೆ ತಟ್ಟೆಗಳಲ್ಲಿ ಇಟ್ಟು ರೈತರ ಮನೆಗೆ ತಲುಪಿಸುವುದು ಅವಳ ಕೆಲಸ. ಅವಳು ಕೊಟ್ಟ ಹುಳು ಸೋತದ್ದೇ ಇಲ್ಲ ಎನ್ನುತ್ತಿದ್ದರು. ಕಬ್ಬಾಳು, ಕನಕಪುರ, ಚನ್ನಪಟ್ಟಣದ ಕಡೆಯಿಂದಲೂ ಜನ ಅವಳ ಕೈಯ ಹುಳುವಿಗೆ ಮುಂಚೆಯೇ ಹೇಳಿಟ್ಟು ಹೋಗುತ್ತಿದ್ದರು.

ನಾನು ಕನಕಪುರದಲ್ಲಿ ಗಾಡಿಗಳ ವೈರಿಂಗ್ ಕೆಲಸ ಕಲಿತೆ. ಅಕ್ಕನ ಹುಳು ಸಾಗಿಸಲು ಹಳೆಯ ಪಿಕಪ್ಪೊಂದನ್ನು ಕೊಂಡೆವು. ಅದಕ್ಕೊಂದು ರೋಗ. ಏರು ಬಂತೆಂದರೆ ರೇಡಿಯೇಟರಿನ ನೀರು ಕುದಿಯುತ್ತಿತ್ತು. ಇಂಜಿನ್ನಿನ ಬೆಲ್ಟಿನಿಂದ ತಿರುಗುವ ಹಳೆಯ ಫ್ಯಾನು ತೆಗೆದು, ಬ್ಯಾಟರಿಯಿಂದ ತಿರುಗುವ ಕರೆಂಟಿನ ಫ್ಯಾನು ಹಾಕಿದರೆ ಗಾಡಿ ತಣ್ಣಗಿರುತ್ತದೆ, ಎಳೆತವೂ ಹೆಚ್ಚುತ್ತದೆ ಎಂದು ಹಾರೋಹಳ್ಳಿ ಕಡೆಯ ಡ್ರೈವರುಗಳು ಹೇಳುವುದನ್ನು ಕೇಳಿದ್ದೆ. ಗುಜರಿಗೆ ಬಂದಿದ್ದ ಕಾರೊಂದರ ಫ್ಯಾನನ್ನು ಮೋಟಾರು ಸಮೇತ ಬಿಚ್ಚಿಕೊಂಡು ಬಂದೆ. ರೇಡಿಯೇಟರಿನ ಹಿಂದೆ ಅದು ಹಿಡಿಸಲಿಲ್ಲ. ಹಿಂದುಮುಂದು ತಿರುಗಿಸಿ, ಮುಂಭಾಗದಲ್ಲಿ, ಜಾಲರಿಯ ಒಳಗೆ ಬಿಗಿದೆ. ಹಾಗೆ ತಿರುಗಿಸಿ ಹಾಕಿದಾಗ ಎರಡು ವೈರುಗಳನ್ನೂ ಅದಲುಬದಲು ಮಾಡಬೇಕು. ಇಲ್ಲದಿದ್ದರೆ ಫ್ಯಾನು ಗಾಳಿಯನ್ನು ಒಳಕ್ಕೆ ತಳ್ಳುವ ಬದಲು ಹೊರಕ್ಕೆ ತಳ್ಳುತ್ತದೆ. ಅದನ್ನು ನಾನು ಯೋಚಿಸಲಿಲ್ಲ.

ಅಕ್ಕ ಸೊಪ್ಪಿನ ಕುಕ್ಕೆ ಇಳಿಸಿ ಬಂದು ನೋಡಿದಳು.

"ಏನ್ಲಾ ಇದು, ಗಾಡಿ ಮೂತಿಗೆ ಫ್ಯಾನು ಕಟ್ಟಿದ್ದೀಯ? ಅದುಕ್ಕೂ ಸೆಕೆನಾ?"

"ನಿನ್ನ ಹುಳುಕ್ಕಿಂತ ಇದುಕ್ಕೇ ಸೆಕೆ ಜಾಸ್ತಿ ಕಣಕ್ಕ. ಇನ್ಮೇಲೆ ಎಂಥ ಏರು ಹತ್ತುದ್ರೂ ನೀರು ಕುದಿಯಲ್ಲ, ನೋಡ್ತಿರು."

"ಓದ್ಸಿದ್ದುಕ್ಕೆ ಗಾಡಿಗೆ ಗಾಳಿ ಬೀಸೋದು ಕಲ್ತೆ. ನಂಗೆ ಯಾವಾಗ್ಲಾ ಬೀಸ್ತೀಯ?" ಎಂದು ನಕ್ಕಳು.

ಅಂಗಳದಲ್ಲಿ ಅರ್ಧ ಗಂಟೆ ಇಂಜಿನ್ ಓಡಿಸಿ ನೋಡಿದೆ. ನಿಂತ ಗಾಡಿಗೆ ಯಾವ ಕಡೆಯ ಗಾಳಿಯಾದರೂ ಸಾಕು. ಶಾಖ ತೋರಿಸುವ ಮುಳ್ಳು ಮೇಲೇರಲಿಲ್ಲ. ಹಳೆಯ ಫ್ಯಾನನ್ನು ಅವತ್ತೇ ಗುಜರಿಗೆ ಹಾಕಿದೆ.

ಮಾರನೆಯ ವಾರ ಕಬ್ಬಾಳಿನಾಚೆಯ ಒಂದು ದೊಡ್ಡ ಮನೆಗೆ ಹುಳು ಕೊಡಬೇಕಿತ್ತು. ಬೆಳಗಿನ ತಂಪಿನಲ್ಲೇ ಹೊರಟೆವು. ಅಕ್ಕ ಹಿಂದುಗಡೆ ಹುಳುವಿನ ತಟ್ಟೆಗಳಿಗೆ ಒದ್ದೆ ಬಟ್ಟೆ ಹೊದಿಸಿ, ಅವುಗಳ ನಡುವೆ ಕೂತಿದ್ದಳು. ಕಬ್ಬಾಳಿನ ಅಮ್ಮನವರ ಬೆಟ್ಟದ ಬುಡದ ಏರಿನಲ್ಲಿ ಬಾನೆಟ್ಟಿನಿಂದ ಹಬೆ ಎದ್ದಿತು. ಕಾದು, ನೀರು ತಂದು ಹುಯ್ದು ಹೊರಟರೆ ಮತ್ತೆ ಕುದಿಯಿತು. ಹೀಗೆ ಮೂರು ಸಲ. ಬಿಸಿಲು ಏರಿತು. ಅಕ್ಕ ಕುಡಿಯಲು ತಂದಿದ್ದ ನೀರನ್ನೆಲ್ಲ ಬಟ್ಟೆಯ ಮೇಲೆ ಚಿಮುಕಿಸಿ ಮುಗಿಸಿದ್ದಳು.

ನಾಲ್ಕನೇ ಸಲ ನಿಂತಾಗ, ಯಾಕೋ ಒಂದು ಸೊಪ್ಪಿನೆಲೆಯನ್ನು ಜಾಲರಿಯ ಮುಂದೆ ಹಿಡಿದೆ. ಫ್ಯಾನು ಎಲೆಯನ್ನು ಒಳಕ್ಕೆ ಎಳೆದು ಜಾಲರಿಗೆ ಅಂಟಿಸಿಕೊಳ್ಳಬೇಕಿತ್ತು. ಅದು ಹಾರಿ ನನ್ನ ಎದೆಗೆ ಬಡಿಯಿತು. ಗಾಡಿ ಓಡುವಾಗ ಎದುರಿನಿಂದ ಬರುವ ಗಾಳಿಯನ್ನು ನನ್ನ ಫ್ಯಾನೇ ತಡೆದು ನಿಲ್ಲಿಸುತ್ತಿತ್ತು. ತಪ್ಪು ಪೂರ್ತಿ ನನ್ನದು ಎಂದು ಆ ಕ್ಷಣವೇ ತಿಳಿಯಿತು. ಅಕ್ಕನಿಗೆ ಕಾಣದ ಹಾಗೆ ಬಗ್ಗಿ, ಎರಡು ವೈರುಗಳನ್ನು ಅದಲುಬದಲು ಮಾಡಿದೆ.

"ಏನಾಗಿತ್ಲಾ?" ಎಂದು ಹಿಂದಿನಿಂದ ಕೂಗಿದಳು.

"ಏನೂ ಇಲ್ಲ ಕಣಕ್ಕ. ತಾನಾಗೇ ಕುದೀತಿತ್ತು, ತಾನಾಗೇ ಸರಿಹೋಯ್ತು."

ಹುಳು ತಲುಪಿದಾಗ ಮಧ್ಯಾಹ್ನವಾಗಿತ್ತು. ನೋಡಲು ಚೆನ್ನಾಗಿಯೇ ಇದ್ದವು. ಎರಡು ವಾರದೊಳಗೆ ಆ ಮನೆಯ ಹುಳುವಿಗೆಲ್ಲ ಸಪ್ಪೆರೋಗ ಬಂತು. ಮೇವು ಬಿಟ್ಟು, ಮೈ ಮೆತ್ತಗಾಗಿ, ತಟ್ಟೆಯ ಅಂಚಿಗೆ ಬಂದು ಜೋತುಬಿದ್ದು ಸತ್ತವು. ಗುಂಡಿ ತೋಡಿ ಸುರಿದರಂತೆ.

ಆ ಮನೆಯ ಯಜಮಾನ ತನ್ನ ತಾಯಿಯನ್ನು ಕರೆದುಕೊಂಡು ನಮ್ಮ ಅಂಗಳಕ್ಕೆ ಬಂದ. ಮುದುಕಿ ನೀರನ್ನೂ ಮುಟ್ಟಲಿಲ್ಲ.

"ಅವತ್ತು ಗಾಡಿ ಎಲ್ಲಿ ನಿಂತ್ತು?" ಎಂದು ಅಕ್ಕನನ್ನು ಕೇಳಿದಳು.

"ಅಮ್ಮನ ಬೆಟ್ಟದ ಕೆಳಗೆ ಕಣವ್ವ."

"ಯಾಕೆ ನಿಂತ್ತು?"

ಅಕ್ಕ ನನ್ನ ಕಡೆ ತಿರುಗಿದಳು. "ನೀನು ಓದಿರೋನು, ಹೇಳ್ಲಾ. ಗಾಡಿಗೆ ಏನಾಗಿತ್ತು?"

ಅಂಗಳದಲ್ಲಿ ಆಗ ಬೇರೊಬ್ಬರ ಪಿಕಪ್ಪು ನಿಂತಿತ್ತು. ನಮ್ಮದರ ಹಾಗೆಯೇ ಫ್ಯಾನು ಹಾಕಿಕೊಡು ಎಂದು ತಂದಿದ್ದರು. ಅದರ ಯಜಮಾನ ನನ್ನ ಪಕ್ಕದಲ್ಲೇ ಬೀಡಿ ಸೇದುತ್ತಿದ್ದ. ಉಲ್ಟಾ ವೈರು ಕೊಟ್ಟಿದ್ದೆ ಎಂದು ಅವನ ಎದುರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

"ನೀರು ಕುದೀತು ಅಷ್ಟೆ, ಗಾಡಿಗೆ ಏನೂ ಆಗಿರಲಿಲ್ಲ" ಎಂದೆ.

"ನೋಡು ಮತ್ತೆ," ಎಂದಳು ಮುದುಕಿ. "ಏನೂ ಆಗ್ದೆ ಇದ್ದ ಗಾಡಿ ಅಮ್ಮನ ಕಣ್ಮುಂದೇ ಯಾಕೆ ನಿಂತದು? ತಾಳಿ ಕಳ್ಕಂಡ ಕೈಲಿ ಎಳೇ ಹುಳ ತರಬ್ಯಾಡ ಅಂತ ತಡದವ್ಳೆ. ನಾವು ತಿಳೀದೆ ಮನೆ ಒಳಕ್ಕೆ ಬುಟ್ಕೊಂಡೊ."

"ಸುಮ್ಕಿರವ್ವ, ಸಾಕು," ಎಂದ ಮಗ.

"ಯಾಕ್ಲಾ ಸುಮ್ಕಿರ್ಲಿ? ಗುಂಡಿಗೆ ಸುರ್ದೋರು ನೀನಾ ನಾನಾ?"

ಬೆಳೆ ಗೆದ್ದಷ್ಟು ವರ್ಷವೂ ಯಾರಿಗೂ ನೆನಪಾಗದಿದ್ದ ತಾಳಿ, ಒಂದು ಬೆಳೆ ಸೋತ ಕೂಡಲೇ ಎಲ್ಲರಿಗೂ ನೆನಪಾಯಿತು. ಹುಳು ಹೇಳಿಟ್ಟಿದ್ದವರು ಒಬ್ಬೊಬ್ಬರಾಗಿ ಬೇಡವೆಂದರು. ಅದಕ್ಕಿಂತ ಘೋರವೆಂದರೆ ಅಕ್ಕನೂ ನಂಬಿದಳು. "ಮುಂಚೆ ಬಸ್ಸಲ್ಲಿ ತಕ್ಕಂಡು ಹೋಗ್ವಾಗ ಇದುಕ್ಕಿಂತ ತಡ ಆಗಿತ್ತು ಕಣ್ಲಾ, ಒಂದು ಹುಳುವೂ ಸತ್ತಿರಲಿಲ್ಲ. ಈ ಸಲ ಅಮ್ಮನೇ ತಡದಿರೋದು" ಎಂದಳು. ಬಸ್ಸಿನಲ್ಲಿ ಒಯ್ದದ್ದು ಮೋಡದ ದಿನಗಳಲ್ಲಿ, ಅಂದಿನಂಥ ಬಿಸಿಲಿನಲ್ಲಿ ಅಲ್ಲ. ನಾನು ಅದನ್ನೂ ಹೇಳಲಿಲ್ಲ.

ಒಂದು ಮಂಗಳವಾರ, ತಪ್ಪುಕಾಣಿಕೆ ಹಾಕಬೇಕು, ಕಬ್ಬಾಳಿಗೆ ಕರೆದುಕೊಂಡು ಹೋಗು ಎಂದಳು. ಅದೇ ಪಿಕಪ್ಪಿನಲ್ಲಿ ಕರೆದುಕೊಂಡು ಹೋದೆ. ಈಗ ಫ್ಯಾನು ಸರಿಯಾಗಿ ತಿರುಗುತ್ತಿತ್ತು. ಗುಡಿಯಲ್ಲಿ ಅವಳು ಕೆನ್ನೆ ಕೆನ್ನೆ ಬಡಿದುಕೊಂಡಳು. ಮುಡಿಪು ಕಟ್ಟಿದ ಬಟ್ಟೆಯನ್ನು ಹುಂಡಿಗೆ ಹಾಕಿ, "ತಿಳೀದೆ ಮಾಡ್ಬುಟ್ಟೆ ಕಣವ್ವ" ಎಂದಳು. ನಾನು ಪಕ್ಕದಲ್ಲಿ ಕೈ ಮುಗಿದುಕೊಂಡು ನಿಂತಿದ್ದೆ.

ವಾಪಸ್ಸು ಬರುವಾಗ ಮುಂದೆ ನನ್ನ ಪಕ್ಕದಲ್ಲೇ ಕೂತಿದ್ದಳು.

"ಹೋಗ್ವಾಗ್ಲೂ ಕುದೀಲಿಲ್ಲ, ಬರ್ವಾಗ್ಲೂ ಕುದೀಲಿಲ್ಲ. ನೋಡ್ದೇನ್ಲಾ?" ಎಂದಳು. "ಅಮ್ಮ ಒಪ್ಕಂಡವ್ಳೆ."

ಅವಳ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಇತ್ತು. ಅವತ್ತಾದರೂ ಗಾಡಿ ನಿಲ್ಲಿಸಿ ಹೇಳಬಹುದಿತ್ತು. ಗೇರು ಬದಲಾಯಿಸಿದೆ.

ಅಕ್ಕ ಮತ್ತೆ ಹುಳು ಮುಟ್ಟಲಿಲ್ಲ. ರಾಮನಗರಕ್ಕೆ ಹೋಗಿ ಗೂಡಿನಿಂದ ನೂಲು ತೆಗೆಯುವ ಕೆಲಸಕ್ಕೆ ಸೇರಿದಳು. ಇಡೀ ದಿನ ಸುಡುನೀರಿನಲ್ಲಿ ಕೈ. ಹಬ್ಬಕ್ಕೆ ಬಂದಾಗ ಬೆರಳ ತುದಿಗಳು ಬೆಳ್ಳಗೆ ಬಿರಿದಿರುತ್ತಿದ್ದವು. ಉಪ್ಪಿನಕಾಯಿ ಮುಟ್ಟಲು ಆಗುತ್ತಿರಲಿಲ್ಲ. ನನಗೋ ಫ್ಯಾನು ಹಾಕುವುದರಲ್ಲಿ ಹೆಸರು ಬಂತು. ಸುತ್ತಲಿನ ಊರುಗಳಿಂದ ಪಿಕಪ್ಪುಗಳು ಬರುತ್ತಿದ್ದವು. ಪ್ರತಿ ಗಾಡಿಯ ಮುಂದೆಯೂ ಒಂದು ಎಲೆ ಹಿಡಿದು ನೋಡಿಯೇ ಬಿಡುತ್ತಿದ್ದೆ. ಎಂಥ ಜಾಗರೂಕ ಎಂದು ಜನ ಹೊಗಳುತ್ತಿದ್ದರು.

ಕೈಲಾಗದಂತಾದ ಮೇಲೆ ಅಕ್ಕ ನನ್ನ ಮನೆಗೇ ಬಂದಳು. ಒಂದು ಮಧ್ಯಾಹ್ನ ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದಾಗ ಹೇಳಿಬಿಟ್ಟೆ. ಫ್ಯಾನು, ವೈರು, ಎಲೆ, ಎಲ್ಲವನ್ನೂ.

ಅವಳು ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿದಳು.

"ಅವತ್ತೇ ಗೊತ್ತಿತ್ತಾ ನಿಂಗೆ?"

"ಹೂಂ."

"ಗುಡೀಗೆ ಹೋದಾಗ್ಲೂ?"

"ಹೂಂ ಕಣಕ್ಕ."

ಎದ್ದು ಒಳಗೆ ಹೋದಳು. ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನಾನು ಬಡಿಸಿದರೆ ಉಣ್ಣುತ್ತಿರಲಿಲ್ಲ, ನನ್ನ ಹೆಂಡತಿ ಬಡಿಸಿದರೆ ಉಣ್ಣುತ್ತಿದ್ದಳು. ನಾಲ್ಕನೇ ದಿನ ಬಾಗಿಲಲ್ಲಿ ನಿಂತು, "ಆ ಮನೆಗೆ ಹೋಗಿ ಹೇಳ್ಬುಟ್ಟು ಬಾ. ಹುಳ ಸತ್ತಿದ್ದು ನನ್ನ ಕೈಯಿಂದಲ್ಲ ಅಂತ" ಎಂದಳು.

ಬಸ್ಸು ಹಿಡಿದು ಹೋದೆ. ಮುದುಕಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗನೂ ಮುದುಕನಾಗಿದ್ದ. ಹಿಪ್ಪುನೇರಳೆ ಕಿತ್ತು, ಕುರಿ ಕಟ್ಟಿದ್ದರು. ಜಗಲಿಯ ಮೇಲೆ ಕೂತು ಎಲ್ಲ ಹೇಳಿದೆ. ಆತ ಬಹಳ ಹೊತ್ತು ಯೋಚಿಸಿದ.

"ಯಾವ ಬೆಳೆ ಹೇಳ್ತಿದ್ದೀರಿ ಗೊತ್ತಾಗ್ತಿಲ್ಲ ಕಣಣ್ಣ. ಆಗ ಎಷ್ಟು ಬೆಳೆ ಗೆದ್ದೊ, ಎಷ್ಟು ಹೋದೊ. ನಮ್ಮವ್ವನೂ ಅಷ್ಟೇ, ಬಾಯಿಗೆ ಬಂದಿದ್ದ ಅಂದ್ಬುಡೋಳು. ನಿಮ್ಮಕ್ಕ ಅಂದ್ರೆ... ಯಾರು?"

ಸಂಜೆ ಮನೆಗೆ ಬಂದಾಗ ಅಕ್ಕ ಮೆಟ್ಟಿಲ ಮೇಲೆ ಕಾಯುತ್ತಿದ್ದಳು.

"ಏನಂದ್ರು?"

ನಿನ್ನನ್ನು ಅವರು ಮರೆತೇಬಿಟ್ಟಿದ್ದಾರೆ ಎಂದು ಹೇಗೆ ಹೇಳಲಿ? "ತಪ್ಪಾಯ್ತು ಅಂದ್ರು ಅಕ್ಕ" ಎಂದೆ. "ಆಯಮ್ಮ ಇಲ್ಲ. ಮಗ ಕೈ ಮುಗುದ."

"ಕೈ ಮುಗುದ್ನಾ?"

"ಮುಗುದ."

"ಒಳಕ್ಕೆ ಕರುದ್ರಾ, ಜಗಲೀಲೇ ಕೂರ್ಸುದ್ರಾ?"

"ಒಳಕ್ಕೆ ಕರುದ್ರು."

ಅವಳು ಮೆಟ್ಟಿಲಿನಿಂದ ಎದ್ದಳು. ಆಮೇಲೆ, "ನನ್ನೂ ಕರ್ಕಂಡು ಹೋಗ್ಬೇಕಾಗಿತ್ತು ನೀನು. ಒಂದಿನ ಬತ್ತೀನಿ. ಅವನ ಬಾಯಲ್ಲೇ ಕೇಳ್ಬೇಕು" ಎಂದಳು.

ಆಮೇಲೆ ಒಂದು ವರ್ಷ ಬದುಕಿದ್ದಳು. ಎರಡು ಸಲ ಒಳ್ಳೆಯ ಸೀರೆ ಉಟ್ಟು ತಯಾರಾಗಿ ಕೂತಿದ್ದಳು. ಒಂದು ಸಲ ಬಸ್ಸಿಲ್ಲ ಎಂದೆ. ಇನ್ನೊಂದು ಸಲ ಆತ ಊರಲ್ಲಿಲ್ಲ ಎಂದೆ.