ಹಜೀರಾ ಎಂದರೆ ಕೆಮ್ಮು

ಹೋದ ಮಂಗಳವಾರ ನನಗೆ ಗಂಟಲು ನೋವಿರಲಿಲ್ಲ. ಆದರೂ ಫೋನಿನಲ್ಲಿ ಬಾಸ್‌ಗೆ ಕೇಳುವಂತೆ ಎರಡು ಸಲ ಕೆಮ್ಮಿದೆ.

"ನಾಳೆ ಹಜೀರಾ ಮೀಟಿಂಗ್‌ಗೆ ನೀವೇ ಹೋಗಿ" ಎಂದಿದ್ದರು ಅವರು. ಕೆಮ್ಮು ಕೇಳಿ, "ಸರಿ, ಹಿತೇಶ್‌ನನ್ನೇ ಕಳಿಸುತ್ತೇನೆ" ಎಂದರು. ಫೋನಿಟ್ಟೆ. ನೆಮ್ಮದಿಯಾಗಬೇಕಿತ್ತಲ್ಲವೇ? ಆಗಲಿಲ್ಲ.

ಪಕ್ಕದಲ್ಲೇ ಪೇಪರ್ ಓದುತ್ತಿದ್ದ ನಮ್ಮ ಯಜಮಾನರು (ರೈಲ್ವೆ ನೌಕರಿ, ಧಾರವಾಡದ ಮಾತು) ತಲೆ ಎತ್ತದೆ ಹೇಳಿದರು: "ಗಂಟಲ ಬ್ಯಾನಿ ಏನೂ ಇಲ್ಲ ನಿನಗ. ಅಂಜಿಕಿ ಐತಿ."

ವಡೋದರಾಕ್ಕೆ ಬಂದು ಹನ್ನೆರಡು ವರ್ಷವಾಯಿತು. ಮಕರಪುರದ ಸಣ್ಣ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ಪ್ಯಾನಲ್‌ಗಳ ಡ್ರಾಯಿಂಗ್ ಮಾಡುವುದು ನನ್ನ ಕೆಲಸ. ಬೀರುವಿನಂಥ ಕಬ್ಬಿಣದ ಪೆಟ್ಟಿಗೆ, ಒಳಗೆ ಸ್ವಿಚ್ಚು, ವೈರು. ನಾನು ಗೆರೆ ಎಳೆಯುತ್ತೇನೆ, ಹಿತೇಶ್‌ಭಾಯಿ ಗಿರಾಕಿಗಳ ಮುಂದೆ ವಿವರಿಸುತ್ತಾರೆ. ಎಲ್ಲರಿಗಿಂತ ದೊಡ್ಡ ಗಿರಾಕಿಯ ಕಾರ್ಖಾನೆ ಇರುವುದು ಹಜೀರಾದಲ್ಲಿ.

ಮೊದಲ ವರ್ಷ ನಮ್ಮ ಆಫೀಸಿನಲ್ಲೇ ನಡೆದ ಒಂದೇ ಒಂದು ಮೀಟಿಂಗ್‌ನಲ್ಲಿ ಮಾತಾಡಿದ್ದೆ. ಹಿಂದಿಯಲ್ಲಿ ಮಶೀನು ಹೆಣ್ಣಂತೆ. ನಾನು ಗಂಡು ಮಾಡಿಬಿಟ್ಟೆ. ಇಬ್ಬರು ನಕ್ಕರು. ಚಹಾ ಬರುವಷ್ಟರಲ್ಲಿ ಅವರು ಮರೆತಿದ್ದರು. ನಾನು ಇವತ್ತಿಗೂ ಮರೆತಿಲ್ಲ. ಅಂದಿನಿಂದ ಹಜೀರಾ ಎಂದರೆ ಕೆಮ್ಮು. ಎರಡು ಪ್ರಮೋಷನ್ನೂ ಈ ಕೆಮ್ಮಿಗೇ ಹೋದವು.

ಆಸೆ ಇರಲಿಲ್ಲವೇ? ಇತ್ತು. ಹಿತೇಶ್‌ಭಾಯಿ ನನ್ನ ಡ್ರಾಯಿಂಗ್ ಹಿಡಿದು ಕಾರು ಹತ್ತುವಾಗಲೆಲ್ಲ ಕಿಟಕಿಯ ಬಳಿ ನಿಲ್ಲುತ್ತಿದ್ದೆ. ಕಾರು ಗೇಟು ದಾಟಿ ಮರೆಯಾದ ಮೇಲೂ ನಿಂತಿರುತ್ತಿದ್ದೆ. ಅಲ್ಲಿ ನಾನಿದ್ದರೆ ಏನೇನು ಹೇಳುತ್ತಿದ್ದೆನೋ ಅದನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. (ಮನಸ್ಸಿನಲ್ಲಿ ನನ್ನ ಹಿಂದಿ ಬಹಳ ಚೆನ್ನಾಗಿದೆ.)

ಈ ಸಲ ಹಿತೇಶ್‌ಭಾಯಿ ಸಪ್ಪೆ ಮುಖ ಹೊತ್ತು ವಾಪಸ್ ಬಂದರು. "ಸುಮಾಬೆನ್, ಕೇಬಲ್ ಕೆಳಗಿನಿಂದ ಯಾಕೆ ಅಂತ ಕೇಳಿದರು. ನನಗೆ ಹೇಳೋಕೆ ಬರಲಿಲ್ಲ. ಮೇಲಿನಿಂದ ಕೊಡಿ ಅಂತಿದ್ದಾರೆ."

ಹಜೀರಾ ಸಮುದ್ರದ ದಡ. ಕೇಬಲ್ ಮೇಲಿನಿಂದ ಬಂದರೆ ಮಳೆನೀರು ಅದರ ಗುಂಟವೇ ಇಳಿದು ಸೀದಾ ಪ್ಯಾನಲ್ ಒಳಗೆ, ಸಮುದ್ರದ ಉಪ್ಪಿನ ಸಮೇತ. ಒಂದು ದಿನ ಯಾರೋ ಬಾಗಿಲು ತೆರೆಯುತ್ತಾರೆ. ಶಾಕ್ ಹೊಡೆದರೆ?

"ಫೋನ್ ಮಾಡಿ ಇದನ್ನೇ ಹೇಳಿಬಿಡಿ" ಎಂದೆ.

"ಇಲ್ಲ ಬೆನ್. ಇನ್ನೊಂದು ಪ್ರಶ್ನೆ ಕೇಳಿದರೆ ಮತ್ತೆ ಸಿಕ್ಕಿಬೀಳುತ್ತೇನೆ. ನೀವೇ ಮಾತಾಡಿ" ಎಂದು ನಂಬರ್ ಒತ್ತಿ ಫೋನನ್ನು ನನ್ನ ಕೈಗೆ ಕೊಟ್ಟರು.

ಮಾತಾಡಿದೆ. ಕೇಬಲ್ಲನ್ನು ಗಂಡು ಮಾಡಿದೆನೋ ಹೆಣ್ಣು ಮಾಡಿದೆನೋ, ನೆನಪಿಲ್ಲ. ಆ ಕಡೆಯ ಇಂಜಿನಿಯರ್ ಪೂರ್ತಿ ಕೇಳಿಸಿಕೊಂಡರು. ಎರಡು ಪ್ರಶ್ನೆ ಕೇಳಿದರು. ಕೊನೆಗೆ, "ಹಾಗಾದರೆ ಕೆಳಗಿನಿಂದಲೇ ಇರಲಿ" ಎಂದರು. ಆಮೇಲೆ ಇನ್ನೊಂದು ಮಾತು: "ನಮ್ಮ ಹಳೆಯ ಪ್ಯಾನಲ್‌ಗಳೂ ನಿಮ್ಮದೇ ಡ್ರಾಯಿಂಗಾ? ಮತ್ತೆ ನೀವು ಯಾವತ್ತೂ ಬರಲೇ ಇಲ್ಲವಲ್ಲ?"

"ಉಳಿದ ಡ್ರಾಯಿಂಗ್ ತೋರಿಸಲು ಶುಕ್ರವಾರ ನಾನೇ ಬರುತ್ತೇನೆ" ಎಂದೆ.

ಶುಕ್ರವಾರ ಹೋದೆ. ಅಂಜಿಕೆ ಇರಲಿಲ್ಲ ಎಂದರೆ ಸುಳ್ಳು. ದಾರಿಯುದ್ದಕ್ಕೂ ಇತ್ತು, ಮೀಟಿಂಗ್ ಕೋಣೆಯಲ್ಲೂ ಇತ್ತು. ಅದನ್ನಿಟ್ಟುಕೊಂಡೇ ಮಾತಾಡಿದೆ, ಒಪ್ಪಿಕೊಂಡರು.

ಕೆಲಸ ಮುಗಿದ ಮೇಲೆ ಆ ಇಂಜಿನಿಯರ್ ಒಳಗೆ ಕರೆದೊಯ್ದರು. ಸಾಲಾಗಿ ಆರು ಪ್ಯಾನಲ್. ಒಂಬತ್ತು ವರ್ಷದ ಹಿಂದೆ ನಾನು ಕಾಗದದ ಮೇಲೆ ಬಿಡಿಸಿದವು ನನಗಿಂತ ಎತ್ತರ ನಿಂತಿದ್ದವು. ನೋಡಿದ್ದು ಅದೇ ಮೊದಲು. ಹ್ಯಾಂಡಲ್‌ಗಳ ಬಣ್ಣ ಕೈ ತಾಗಿ ತಾಗಿ ಹೋಗಿತ್ತು. ಅಲ್ಲಿದ್ದ ವಯಸ್ಸಾದ ಎಲೆಕ್ಟ್ರಿಷಿಯನ್ ನನ್ನ ಹೆಗಲೆತ್ತರದ ಮನುಷ್ಯ. ಬಾಗಿಲು ತೆರೆದು ತೋರಿಸುತ್ತ, "ಬೇರೆ ಕಂಪನಿಯ ಪ್ಯಾನಲ್‌ಗೆ ಸ್ಟೂಲ್ ಬೇಕು ಬೆನ್. ಇದಕ್ಕೆ ನನ್ನ ಕೈ ನಿಲುಕುತ್ತದೆ" ಎಂದ.

ಹ್ಯಾಂಡಲ್ಲನ್ನು ಅಷ್ಟು ಕೆಳಗೆ ಇಡುವಾಗ ನಾನು ಯೋಚಿಸಿದ್ದೂ ಅದನ್ನೇ. ಒಂಬತ್ತು ವರ್ಷ ಆತ ಅದನ್ನು ತೆರೆದಿದ್ದಾನೆ, ಮುಚ್ಚಿದ್ದಾನೆ. ಆ ಮಾತು ಕೇಳಲು ನಾನು ಅಲ್ಲಿರಲಿಲ್ಲ.

ಅಷ್ಟು ವರ್ಷ ನಿಮ್ಮನ್ನು ತಡೆದವರು ಯಾರು ಎಂದು ಯಾರಾದರೂ ಕೇಳಿದರೆ, ಹೇಳಲು ನನ್ನ ಹತ್ತಿರ ಒಂದೇ ಹೆಸರಿದೆ: ನನ್ನದು.