ಮೋತಿಯ ರಕ್ತದಲ್ಲಿ ಕಂಡದ್ದು

ಘಾಟ್ಕೋಪರ್‌ನಿಂದ ವಿಕ್ರೋಳಿಗೆ ಮುಂಬೈಯ ಲೋಕಲ್ ರೈಲಿನಲ್ಲಿ ಒಂದೇ ಸ್ಟೇಷನ್. ಆದರೆ ಕಾಯಿಲೆಯ ನಾಯಿಯನ್ನು ಹೊತ್ತು ಆ ನೂಕುನುಗ್ಗಲಿಗೆ ನುಗ್ಗುವುದುಂಟೇ? ಆಟೋವೇ ಗತಿ. ಮೂವರು ಡ್ರೈವರುಗಳು ಮೋತಿಯ ಮೂಗಿನ ರಕ್ತ ನೋಡಿ ಮುಂದೆ ಹೋದರು. ನಾಲ್ಕನೆಯವನು ಸೀಟಿಗೆ ಗೋಣಿಚೀಲ ಹಾಸಿ, "ಬೈಠೋ ಆಂಟಿ" ಅಂದ. ಪುಣ್ಯಾತ್ಮ!

ನಾನು ಮೈಸೂರಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ತಂಗಿಯ ಮನೆಗೆ ಬಂದು ಮೂರು ವಾರವಾಗಿತ್ತು, ಮುಂದಿನ ವಾರ ವಾಪಸ್ ಹೊರಡುವುದಿತ್ತು. ಮೋತಿ ಅವಳ ಬಿಲ್ಡಿಂಗಿನ ವಾಚ್‌ಮನ್ ಶರಣಪ್ಪನ ನಾಯಿ. ಕಲಬುರಗಿ ಕಡೆಯ ಅವನಿಗೆ ಈ ಊರಲ್ಲಿ ತನ್ನದೆಂದು ಇದ್ದ ಜೀವ ಅದೊಂದೇ. ಅದಕ್ಕೆ ಉಣ್ಣಿ ಜ್ವರ ಬಂದಾಗ ವಿಕ್ರೋಳಿಯ ಡಾಕ್ಟರು ಇಪ್ಪತ್ತೆಂಟು ದಿನದ ಮಾತ್ರೆ ಕೊಟ್ಟಿದ್ದರು. ಐದನೇ ದಿನಕ್ಕೇ ಮೋತಿ ರೊಟ್ಟಿ ತಿಂದು ಓಡಾಡತೊಡಗಿತು. "ಗುಣವಾಯ್ತಲ್ಲ, ಮಾತ್ರೆ ಉಷ್ಣ, ಇನ್ನು ಸಾಕು" ಎಂದು ಅಪ್ಪಣೆ ಕೊಟ್ಟ ಮಹಾತಾಯಿ ನಾನೇ. ಹತ್ತು ದಿನಕ್ಕೆ ಮೂಗಿನಲ್ಲಿ ರಕ್ತ ಕಾಣಿಸಿತು.

ಸೆಕೆ, ಟ್ರಾಫಿಕ್. ಹದಿನೈದು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಶರಣಪ್ಪ ಅಂಗಿಯ ತೋಳಿನಿಂದ ಮೋತಿಯ ಮೂಗು ಒರೆಸುತ್ತಲೇ ಇದ್ದ.

ಡಾಕ್ಟರು ಬೆಂಗಳೂರಿನ ಹೆಣ್ಣುಮಗಳು. ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು, ಗಾಜಿನ ಮೇಲೆ ಸವರಿ ಬಣ್ಣ ಹಾಕಿದರು. ಆ ಕೈಯ ಅಚ್ಚುಕಟ್ಟುತನ ನೋಡುವ ಹಾಗಿತ್ತು. ನಾನು ಟೀಚರೆಂದು ತಿಳಿದು, "ನೋಡ್ತೀರಾ ಮೇಡಂ?" ಎಂದು ಮೈಕ್ರೋಸ್ಕೋಪ್ ಬಿಟ್ಟುಕೊಟ್ಟರು.

ಅಬ್ಬಾ! ದೊಡ್ಡದೊಂದು ಬಿಳಿ ರಕ್ತಕಣ, ಅದರೊಳಗೆ ನೇರಳೆ ಬಣ್ಣದ ಪುಟ್ಟ ಗೊಂಚಲು. ಅದೇ ಎರ್ಲಿಕಿಯಾ, ಉಣ್ಣಿ ಜ್ವರದ ಮೂಲ. ರೋಗಾಣುಗಳನ್ನು ನುಂಗಿ ಹಾಕಬೇಕಾದ ಕಣದೊಳಗೇ ಈ ಬ್ಯಾಕ್ಟೀರಿಯಾ ಸಂಸಾರ ಬೆಳೆಸುತ್ತಿತ್ತು, ಕಳ್ಳ ಪೊಲೀಸ್ ಠಾಣೆಯಲ್ಲೇ ಬಿಡಾರ ಹೂಡಿದ ಹಾಗೆ. ಜ್ವರ ಇಳಿದರೂ ಗುಲ್ಮದಲ್ಲಿ ತಿಂಗಳುಗಟ್ಟಲೆ ಅಡಗಿರುತ್ತದಂತೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಅಷ್ಟರಲ್ಲಿ ಕರಗುತ್ತಾ ಬರುತ್ತವೆ. ಮಕ್ಕಳಿಗೆ ವರ್ಷವರ್ಷವೂ ಪಾಠ ಒಪ್ಪಿಸಿದವಳು ಇಂಥ ಜಾಣತನವನ್ನು ಕಣ್ಣಾರೆ ಕಂಡದ್ದು ಅವತ್ತೇ.

"ಮಾತ್ರೆ ಯಾಕೆ ನಿಲ್ಲಿಸಿದ್ರಿ?" ಡಾಕ್ಟರು ಗದರಿದರು.

ಶರಣಪ್ಪ ನನ್ನ ಕಡೆ ನೋಡಲೂ ಇಲ್ಲ. "ನಾ ಮರತೆನ್ರಿ" ಅಂದ.

ನಾನು ಮೈಕ್ರೋಸ್ಕೋಪಿನಿಂದ ತಲೆ ಎತ್ತಲಿಲ್ಲ. ಛೀ, ನನ್ನ ಜನ್ಮಕ್ಕಿಷ್ಟು!

"ಮೊದಲಿಂದ ಶುರು ಮಾಡಿ. ಒಂದು ದಿನಾನೂ ತಪ್ಪಬಾರದು. ಹಾಗಾದ್ರೆ ಉಳ್ಕೊಳ್ಳುತ್ತೆ" ಎಂದು ಡಾಕ್ಟರು ಇಂಜೆಕ್ಷನ್ ಕೊಟ್ಟು ಕಳಿಸಿದರು.

ಸಂಜೆ ಬಿಲ್ಡಿಂಗಿನ ಗೇಟಿನಲ್ಲಿ ತಂಗಿ ಕಾಯುತ್ತಿದ್ದಳು. ಏನಾಯಿತೆಂದು ಕೇಳಿದಳು. ಶರಣಪ್ಪ ಅದೇ ಸುಳ್ಳನ್ನು ಹೇಳಿದ. "ಮರೆಯೋದಾ? ನಿನ್ನ ನಂಬಿದ ಜೀವ ಕಣಪ್ಪಾ ಅದು!" ಎಂದು ಅವಳು ರೇಗಿದಳು. ಅವನು ಬಗ್ಗಿ ಮೋತಿಯ ಮೂಗು ಒರೆಸಿದ. ನನಗೆ ತಡೆಯಲಾಗಲಿಲ್ಲ.

"ಅವನನ್ನ ಬೈಬೇಡ ಕಣೇ. ನಿಲ್ಲಿಸು ಅಂದೋಳು ನಾನು" ಎನ್ನುವಾಗ ಅಳುವೇ ಬಂತು.

ಶರಣಪ್ಪ ಮಾತ್ರೆಯ ಪೊಟ್ಟಣವನ್ನು ನನ್ನ ಕೈಗಿಟ್ಟ. "ಇರ್ಲಿ ಬಿಡ್ರಿ ಅಕ್ಕಾರ. ನಾಳಿಂದ ಗುಳಿಗಿ ನೀವ ಹಾಕ್ರಿ."

ನಾನು ಮೈಸೂರಿನ ಟಿಕೆಟ್ ರದ್ದು ಮಾಡಿಸಿದೆ.