ಭಾವನ ಮಹಡಿಗಳು

ನಮ್ಮ ಭಾವನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ ಎಂದು ನಾವೆಲ್ಲ ನಗುತ್ತಿದ್ದೆವು. ದೊಡ್ಡ ಅಂಗಡಿಯೊಂದರಲ್ಲಿ ಅವರು ಲಿಫ್ಟ್ ನಡೆಸುತ್ತಿದ್ದರು. ಜನ ಒಳಗೆ ನುಗ್ಗುತ್ತಿದ್ದಂತೆ ಒಂದೇ ಉಸಿರಿಗೆ ಮಹಡಿಗಳ ಪಟ್ಟಿ, "ಕೆಳಗೆ ಪಾತ್ರೆ, ಒಂದನೇದು ಬಟ್ಟೆ, ಎರಡನೇದು ಚಪ್ಪಲಿ, ಮೂರನೇದು ಆಟದ ಸಾಮಾನು, ನಾಲ್ಕನೇದು ಹಾಸಿಗೆ, ಬಾಗಿಲು ನೋಡ್ಕೊಳ್ರಪ್ಪಾ!" ಮನೆಗೆ ಬಂದರೂ ಬಾಯಿಗೆ ಬಿಡುವಿಲ್ಲ. "ಲೇ, ನೀರು ಕೊಡೇ, ಇಡೀ ಊರನ್ನ ಮೇಲೆತ್ತಿ ಬಂದಿದೀನಿ" ಎಂದು ನಮ್ಮಕ್ಕನನ್ನು ಕಾಡುವರು.

ಲಕ್ವ ಹೊಡೆದದ್ದು ಆ ಲಿಫ್ಟಿನೊಳಗೇ. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು, ತಿರುಗಿ ಹೇಳಲು ನಾಲಿಗೆ ಹೊರಳುತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ಕೆಲವು ವಾರಗಳ ಮೇಲೆ ಅಕ್ಕ, "ಏನ್ ಬೇಕ್ರೀ?" ಎಂದಾಗ ಭಾವ ಬಾಯಿ ತೆರೆದರು. "ಕೆಳಗೆ ಪಾತ್ರೆ, ಒಂದನೇದು ಬಟ್ಟೆ..." ಕೊನೆಯ 'ಬಾಗಿಲು ನೋಡ್ಕೊಳ್ರಪ್ಪಾ' ತನಕ ಒಂದಕ್ಷರ ತಪ್ಪಲಿಲ್ಲ. ಅಕ್ಕ ಕುಣಿದಾಡಿಬಿಟ್ಟಳು. ಭಾವನ ಮುಖ ಮಾತ್ರ ಬಿಳುಚಿಕೊಂಡಿತ್ತು. ಪಾಪ, ಅವರಿಗೆ ಬೇಕಾಗಿದ್ದದ್ದು ನೀರು.

ಮಾತು ಕಲಿಸಲು ಬರುತ್ತಿದ್ದ ಥೆರಪಿಸ್ಟಮ್ಮ ಬಿಡಿಸಿ ಹೇಳಿದರು. "ಮಾತು ಜೋಡಿಸೋ ಜಾಗಕ್ಕೆ ಪೆಟ್ಟು ಬಿದ್ದಿದೆ. ಇದು ಬಾಯಿಪಾಠ, ಮಿದುಳಲ್ಲಿ ಬೇರೆ ಕಡೆ ಉಳ್ಕೊಂಡಿದೆ. ತಮಗೆ ಬೇಕಾದ್ದನ್ನ ತಾವೇ ಹೇಳೋಕೆ ಬರ್ಬೇಕು. ತಪ್ಪಾದ್ರೂ ಸರಿ, ಬಾಯಿ ಮುಚ್ಚಕ್ಕೆ ಬಿಡ್ಬೇಡಿ. ಆಡ್ತಾ ಆಡ್ತಾನೇ ಮಿದುಳು ಹೊಸ ದಾರಿ ಮಾಡ್ಕೊಳ್ಳೋದು."

ಅಕ್ಕನಿಗೆ ಇದ್ದದ್ದು ಒಂದೇ ಆಸೆ, ಗಂಡನ ಬಾಯಲ್ಲಿ ಇನ್ನೊಮ್ಮೆ 'ಲೇ' ಅನ್ನಿಸಿಕೊಳ್ಳಬೇಕು. ಭಾವನೂ ಹಟ ಹಿಡಿದರು. ಒಂದು ದಿನ ನನ್ನೆದುರಿಗೇ ಬೆವರಿಳಿಸಿಕೊಂಡು, ಲೋಟ ತೋರಿಸಿ "ನೀ... ನೀರ್" ಎಂದರು. ನಾನು ಹೊರಗೆ ಹೋಗಿ ಅತ್ತುಬಿಟ್ಟೆ.

ಆಮೇಲೆ ಬಂತು ನೋಡಿ ಆ ದರಿದ್ರ ಸ್ಟೂಲು. ಅಟ್ಟದ ಮೇಲಿನ ಡಬ್ಬ ತೆಗೆಯಲು ಅಕ್ಕ ಅದನ್ನು ಎಳೆದುಕೊಂಡಳು. ಅದರ ಒಂದು ಕಾಲು ಕಳಚಿಕೊಳ್ಳುತ್ತಿದ್ದದ್ದು ಎದುರಿಗೆ ಕುರ್ಚಿಯಲ್ಲಿದ್ದ ಭಾವನಿಗೆ ಕಂಡಿತು. ಗಾಬರಿಯಲ್ಲಿ ಕೂಗಿದರು. ಬಾಯಿಗೆ ಬಂದದ್ದು ಅದೇ ಹಾಳು ಪಾತ್ರೆ, ಬಟ್ಟೆ, ಚಪ್ಪಲಿ! "ನಂಗೆ ನಾಲ್ಕನೇದಪ್ಪಾ" ಎಂದು ನಗುತ್ತಾ ಅಕ್ಕ ಹತ್ತಿದಳು.

ಬಿದ್ದವಳ ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯ ಮಂಚದ ಮೇಲೆ ನನ್ನ ಕೈ ಹಿಡಿದು, "ನನ್ನನ್ನೇ ಕೂಗಿದ್ರು ಕಣೋ. ಬೇಡ ಅಂತ ಕೂಗಿದ್ರು. ನಾನು ನಕ್ಕೆ" ಎಂದಳು.

ಈಗ ಮನೆಯ ಒಂದೇ ಕೋಣೆಯಲ್ಲಿ ಎರಡು ಮಂಚ. ಆವತ್ತಿನಿಂದ ಭಾವ ತುಟಿ ಬಿಚ್ಚಿಲ್ಲ. ಥೆರಪಿಸ್ಟಮ್ಮ ಬಂದರೆ ಗೋಡೆಯ ಕಡೆ ತಿರುಗುತ್ತಾರೆ. ಹೀಗೇ ಬಿಟ್ಟರೆ ಬಂದಷ್ಟೂ ಹೋಗುತ್ತದೆ ಎಂದು ಆಕೆ ಹೇಳಿ ಸಾಕಾಗಿ ಬರುವುದನ್ನು ಕಡಿಮೆ ಮಾಡಿದ್ದಾರೆ. ನಾನು ಭಾವನಿಗೆ ಬೈದೆ, ಕಾಲು ಹಿಡಿದೆ, ಏನೂ ಆಗಲಿಲ್ಲ.

ನಿನ್ನೆ ನಾನು ಗಂಜಿ ತಂದಾಗ ಅಕ್ಕ ಮಲಗಿದಲ್ಲಿಂದಲೇ ಅಂಗಲಾಚುತ್ತಿದ್ದಳು. "'ಲೇ' ಅನ್ನೋದು ಬೇಡ ಕಣ್ರೀ. ಆ ಮಹಡಿಗಳನ್ನಾದ್ರೂ ಹೇಳಿ. ನಿಮ್ ಧ್ವನಿ ಕೇಳಿದ್ರೆ ಸಾಕು."

ಭಾವ ಅವಳನ್ನೇ ನೋಡಿದರು. ಆಮೇಲೆ ಇನ್ನೂ ಆಡುವ ಎಡಗೈಯಿಂದ ಬಾಯಿ ಒತ್ತಿ ಹಿಡಿದುಕೊಂಡರು.